ಹಾಳೆ

ದೆಹಲಿಯ ನಮ್ಮ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ಉತ್ತರದ ಕಿಟಕಿಯ ಪಕ್ಕ ಒಂದು ಮರದ ಹಲಗೆ ತೂಗುತ್ತಿದೆ. ಎಲೆಕೋಸನ್ನು ಅರ್ಧಕ್ಕೆ ಕೊಯ್ದು ಅಂಟಿಸಿದಂಥ ಒಂದು ಹಸಿರು ಉಬ್ಬು ಅದರ ಮೇಲಿದೆ. ಉಬ್ಬಿನ ಮೇಲೆಲ್ಲ ಏರುಗೆರೆಗಳು. ನಡುವಿನಿಂದ ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ನೆಟ್ಟಗೆ ನಿಂತ ಎಲೆಗಳು ಮೊದಲು ನಾಲ್ಕಿದ್ದವು, ಈಗ ಎರಡಿವೆ. ಇದು ಪ್ಲಾಟಿಸೀರಿಯಂ ರಿಡ್ಲಿಯೈ ಎಂಬ ಜರೀಗಿಡ. ಗ್ರೀಕಿನಲ್ಲಿ ಪ್ಲಾಟಿಸ್ ಎಂದರೆ ಚಪ್ಪಟೆ, ಕೆರಾಸ್ ಎಂದರೆ ಕೊಂಬು. ರಿಡ್ಲಿ ಸಿಂಗಾಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದವರು, ಮಲಯದ ತೋಟಗಾರರಿಗೆ ರಬ್ಬರಿನ ಹುಚ್ಚು ಹಿಡಿಸಿದವರು.

ಕೊಂಬಿನ ಜರೀಗಿಡಗಳಲ್ಲಿ ಸುಮಾರು 18 ಜಾತಿ. ನರ್ಸರಿಗಳಲ್ಲಿ ಸಿಗುವುದು ಆಸ್ಟ್ರೇಲಿಯಾ ಕಡೆಯ ಬೈಫರ್ಕೇಟಂ, ಅದು ಗಟ್ಟಿ ಜೀವ. ರಿಡ್ಲಿಯೈ ಹಾಗಲ್ಲ. ಮಲಯ, ಸುಮಾತ್ರ, ಬೋರ್ನಿಯೋ ಕಾಡುಗಳ ಮರದ ತುದಿಯಲ್ಲಿ ಅದರ ವಾಸ. ಮಳೆ ಹೊಯ್ಯಬೇಕು, ಗಾಳಿ ಆರಿಸಬೇಕು, ಮತ್ತೆ ಮಳೆ ಬರಬೇಕು. ಎಲೆಯ ಉಬ್ಬಿನೊಳಗೆ ಇರುವೆಗಳು ಸಂಸಾರ ಹೂಡುತ್ತವೆ. (ನಮ್ಮ ಮನೆಯಲ್ಲೂ ಹೂಡಲು ಬಂದವು. ಗಂಡ ಚಾಕ್ ಗೆರೆ ಎಳೆದ.) ಅಂಥದ್ದನ್ನು ಲೂ ಗಾಳಿಯ ಊರಿಗೆ ತಂದದ್ದು ಹುಂಬತನವೇ. ಆದರೆ ಮೇ ತಿಂಗಳಲ್ಲಿ ನಮ್ಮ ಹಳೇ ಕೂಲರ್ ಕಾಡಿನ ಕೆಲಸ ಮಾಡಿತು: ತೇವವೂ ಗಾಳಿಯೂ ಒಂದೇ ಪೆಟ್ಟಿಗೆಯಿಂದ. ಬೋರ್‌ವೆಲ್ ನೀರು ಉಪ್ಪುಗಟ್ಟಿಸುತ್ತದೆಂದು ಗಿಡಕ್ಕೆ ಆರ್‌ಓ ನೀರು ಹಾಕುತ್ತಿದ್ದೆ.

ಈ ಗಿಡಕ್ಕೆ ಎರಡು ಬಗೆಯ ಎಲೆ. ಒಂದು ಕೊಂಬಿನದು, ಬೀಜಕ ಹೊರುವುದು ಅದು. ಇನ್ನೊಂದು ಹಲಗೆಗೆ ಒತ್ತಿಕೊಂಡು ಬೇರನ್ನು ತಬ್ಬಿ ಕೂರುತ್ತದೆ. ಕೆಲವು ತಿಂಗಳು ಹಸಿರಾಗಿದ್ದು, ಆಮೇಲೆ ಕಂದಾಗಿ ಒಣಗುತ್ತದೆ, ಉದುರುವುದಿಲ್ಲ. ಅದರ ಮೇಲೆ ಹೊಸತು ಹರಡುತ್ತದೆ. ಹಳೆಯ ಪದರಗಳ ಹಿಂದೆಯೇ ಬೇರು, ತೇವ, ಎಲ್ಲ. ಹಿಂದೊಮ್ಮೆ ಬೈಫರ್ಕೇಟಂ ಸಾಕಿದ್ದಾಗ ಈ ಒಣಎಲೆ ಸತ್ತಿದೆಯೆಂದು ಸಿಪ್ಪೆ ಸುಲಿದಂತೆ ಸುಲಿದುಬಿಟ್ಟಿದ್ದೆ. ಒಳಗಿನ ಬೇರೆಲ್ಲ ಬತ್ತಲೆ.

ಇಂಗ್ಲಿಷಿನಲ್ಲಿ ಈ ತಬ್ಬಿದ ಎಲೆಯನ್ನು ಸ್ಟೆರೈಲ್ ಫ್ರಾಂಡ್ ಎನ್ನುತ್ತಾರೆ. ಹೋದ ಜುಲೈನಲ್ಲಿ ತೋಟಗಾರಿಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ಈ ಪದ ಬಂತು. ನಿಘಂಟು ತೆಗೆದರೆ ಮೊದಲು ಸಿಕ್ಕಿದ್ದು ಬಂಜೆ. "ಬಂಜೆ ಎಲೆ" ಎಂದು ಟೈಪಿಸಿ ಎದ್ದುಹೋದೆ. ಆ ವಾರವೇ ನಮ್ಮ ಮೂರನೇ ಐವಿಎಫ್ ಕೈಕೊಟ್ಟಿತ್ತು. ಪದಕ್ಕೂ ಅರ್ಥಕ್ಕೂ ಇರುವ ನಂಟು ಬರೀ ರೂಢಿಯದು ಎಂದು ಎಂ.ಎ. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು ನಾನು, ಅಂಕವೂ ಚೆನ್ನಾಗಿಯೇ ಬಂದಿತ್ತು.

ಅದೇ ಹೊತ್ತಿಗೆ ಗಿಡವೂ ಕೆಟ್ಟಿತು. ಹೊರಗೆ ಮಳೆ, ಒಳಗೆ ಬೆವರು, ನಾನು ಮಾತ್ರ ಬೇಸಿಗೆಯ ಲೆಕ್ಕದಲ್ಲೇ ನೀರದ್ದುತ್ತಿದ್ದೆ. ಉಬ್ಬಿನ ಒಂದು ಬದಿ ಕಪ್ಪಾಗಿ ಮೆತ್ತಗಾಯಿತು, ಮೂಸಿದರೆ ಕೊಳೆತ ವಾಸನೆ. ಎರಡು ಕೊಂಬು ಕಳಚಿದವು. ಬೈಫರ್ಕೇಟಂ ಆದರೆ ಪಕ್ಕದಲ್ಲಿ ಮರಿ ಹಾಕುತ್ತದೆ, ತಾಯಿ ಹೋದರೂ ವಂಶ ಉಳಿಯುತ್ತದೆ. ರಿಡ್ಲಿಯೈ ಮರಿ ಹಾಕುವುದಿಲ್ಲ. ಇರುವುದು ಒಂದೇ ಸುಳಿ.

ಫೋಟೋ ತೆಗೆದು ಊರಿಗೆ, ಅಮ್ಮನಿಗೆ ಕಳಿಸಿದೆ. ತೀರ್ಥಹಳ್ಳಿ ಕಡೆಯ ತೋಟದವಳು, ಕೊಳೆ ಅಂದರೆ ಅವಳಿಗೆ ಹೇಳಿಕೊಡಬೇಕಿಲ್ಲ. "ಸುಳಿ ಗಟ್ಟಿ ಉಂಟನ? ಮುಟ್ಟಿ ನೋಡು. ಗಟ್ಟಿ ಇದ್ರೆ ನೀರು ನಿಲ್ಸಿ ಗಾಳಿಗೆ ಇಡು" ಅಂದಳು. ಆಮೇಲೆ, "ಅದೆಂತದೇ, ಕೆಳಗಡೆ ಅಡಿಕೆ ಹಾಳೆ ಕಂಡಂಗೆ ಕಾಣ್ತದೆ?"

ಬಂಜೆ ಎಲೆ ಎಂದು ನನ್ನ ಬಾಯಿಗೆ ಬರಲಿಲ್ಲ. "ಹೌದಮ್ಮ, ಹಾಳೆ" ಅಂದೆ. ಅವಳು ಆಸ್ಪತ್ರೆ ವಿಷಯ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಊಟ ಆಯ್ತಾ ಎಂದು ಎರಡು ಸಲ ಕೇಳಿದಳು.

ಕೊಳೆತದ್ದನ್ನು ಬ್ಲೇಡಿನಲ್ಲಿ ಕೆತ್ತಿ ತೆಗೆದು, ಟೇಬಲ್ ಫ್ಯಾನಿನ ಎದುರು ಒಂಬತ್ತು ದಿನ ಇಟ್ಟೆ. ಕೈಪಿಡಿಯಲ್ಲಿ ಉದ್ದಕ್ಕೂ "ಹಾಳೆ ಎಲೆ" ಎಂದು ತಿದ್ದಿದೆ. ಹಾಳೆ ಅಂದರೆ ಬೆಂಗಳೂರಿನವರು ಕಾಗದ ಅಂದುಕೊಳ್ಳುತ್ತಾರಲ್ಲ ಎಂದು ಸಂಪಾದಕರು ತಕರಾರು ತೆಗೆದರು. ಒಣಗಿದ ಮೇಲೆ ಅದು ಇರುವುದೂ ಕಾಗದದ ಹಾಗೇ ಸರ್, ಇರಲಿ ಬಿಡಿ ಅಂದೆ. ಒಪ್ಪಿದರು. ಅನುವಾದಕರಿಗೆ ಇಂಥ ಗೆಲುವು ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

ಈಗ ನೀರು ಹಾಕುವ ಮೊದಲು ಹಲಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತೇನೆ. ನೆನೆದಾಗ 840 ಗ್ರಾಂ, ಪೂರ್ತಿ ಆರಿದಾಗ 610. ಈ ಬೆಳಿಗ್ಗೆ 655 ಇತ್ತು. ಸುಳಿಯ ಬುಡದಲ್ಲಿ ಬಟಾಣಿಯಷ್ಟು ಹಸಿರು ಕಂಡಿದೆ. ಕೊಂಬೋ ಹಾಳೆಯೋ ಇನ್ನೂ ಗೊತ್ತಾಗುತ್ತಿಲ್ಲ. ನಾಳೆ ನೀರು ಹಾಕಬೇಕು.