ಆಪೆರಾ ಓದುವ ಚಟ

ಆಪೆರಾವನ್ನು ಜನ ಕೇಳುತ್ತಾರೆ, ನೋಡುತ್ತಾರೆ, ನಾನು ಓದುತ್ತೇನೆ. ಹೀಗೆಂದರೆ ಎದುರಿಗಿದ್ದವರು, ‘ಓಹೋ, ಸ್ವರಲಿಪಿ ಓದುತ್ತೀರಾ?’ ಎಂದು ಗೌರವದಿಂದ ನೋಡುತ್ತಾರೆ. ಅಷ್ಟು ವಿದ್ಯೆ ನನಗಿಲ್ಲ. ನಾನು ಓದುವುದು ಬರೀ ಸಾಹಿತ್ಯವನ್ನು, ಲಿಬ್ರೆಟ್ಟೊ ಎಂಬ ತೆಳ್ಳನೆಯ ಪುಸ್ತಕವನ್ನು. ಯಾರು ಎಲ್ಲಿಂದ ಬಂದರು, ಏನು ಹಾಡಿದರು, ಯಾವ ಬಾಗಿಲಿಂದ ಹೋದರು, ಇಷ್ಟೇ ಅದರಲ್ಲಿರುವುದು. ಎಡಪುಟದಲ್ಲಿ ಇಟಾಲಿಯನ್, ಬಲಪುಟದಲ್ಲಿ ಇಂಗ್ಲಿಷ್ ಇದ್ದರೆ ನನಗೆ ಸಾಕು. ಸಂಗೀತ ಬಲ್ಲವರು ಇದನ್ನು ನೆಪವೆಂದು ತಳ್ಳಿಹಾಕುತ್ತಾರೆ, ಕಾವ್ಯ ಬಲ್ಲವರು ಪದ್ಯವೆಂದೇ ಒಪ್ಪುವುದಿಲ್ಲ. ಇಬ್ಬರಿಗೂ ಬೇಡವಾದ್ದರಿಂದ ನನಗೆ ಪೈಪೋಟಿಯಿಲ್ಲ.

ನನ್ನ ಚಟಕ್ಕೆ ಚರಿತ್ರೆಯ ಬೆಂಬಲವೂ ಉಂಟು. 1598ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಆಡಿದ ‘ದಾಫ್ನೆ’ಯನ್ನು ಮೊತ್ತಮೊದಲ ಆಪೆರಾ ಎನ್ನುತ್ತಾರೆ. ಸಾಹಿತ್ಯ ಒತ್ತಾವಿಯೊ ರಿನುಚ್ಚಿನಿಯದು, ಸಂಗೀತ ಮುಖ್ಯವಾಗಿ ಯಾಕೊಪೊ ಪೆರಿಯದು. ಆ ಸಂಗೀತ ಕೆಲವು ಚೂರುಗಳ ಹೊರತು ಕಳೆದುಹೋಗಿದೆ, ಸಾಹಿತ್ಯ ಉಳಿದಿದೆ. ಹಾಗಾಗಿ ಮೊದಲ ಆಪೆರಾವನ್ನು ಇವತ್ತು ಯಾರೂ ಪೂರ್ತಿ ಕೇಳಲಾರರು. ಓದಬಹುದು.

ಹಳೆಯ ಲಿಬ್ರೆಟ್ಟೊಗಳ ಚಿತ್ರಪ್ರತಿಗಳನ್ನು ತಿರುವಿಹಾಕುವುದೇ ಒಂದು ಸೊಗಸು. ನಮ್ಮ ಟಾಕೀಸುಗಳ ಮುಂದೆ ಒಂದು ಕಾಲದಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಹಾಗೆ ವೆನಿಸ್ಸಿನ ರಂಗಮಂದಿರಗಳಲ್ಲಿ ಇವು ಮಾರಾಟವಾಗುತ್ತಿದ್ದವು. ಆಟದ ಹೊತ್ತಿನಲ್ಲಿ ಜನ ಸಣ್ಣ ಮೇಣದಬತ್ತಿ ಹಿಡಿದು ಸಾಲು ನೋಡಿಕೊಳ್ಳುತ್ತಿದ್ದರು. ಉಳಿದಿರುವ ಎಷ್ಟೋ ಪ್ರತಿಗಳಲ್ಲಿ ಮೇಣದ ಕಲೆಗಳಿವೆ. ಮೊದಲ ಪುಟಗಳಲ್ಲಿ ಯಾವನೋ ಸಿರಿವಂತನ ಹೊಗಳಿಕೆ, ಆಮೇಲೆ ಕಥಾಸಾರ. ಅದರ ಹಿಂದೆಯೇ ನನಗೆ ತುಂಬ ಇಷ್ಟವಾದ ಒಂದು ತಪ್ಪೊಪ್ಪಿಗೆ: ಇಲ್ಲಿ ಬರುವ ವಿಧಿ, ದೇವತೆಗಳು, ಆರಾಧನೆ ಮುಂತಾದ ಮಾತುಗಳು ಕೇವಲ ಕವಿಸಮಯ, ಬರೆದವನು ಪಕ್ಕಾ ಕ್ಯಾಥಲಿಕ್. ಚರ್ಚಿನ ಕಣ್ಣು ತಪ್ಪಿಸಲು ಹೀಗೆ ನಿರೀಕ್ಷಣಾ ಜಾಮೀನು ಪಡೆದ ಮೇಲೆ ಐದಾರು ಗ್ರೀಕ್ ದೇವರುಗಳು ನಿಶ್ಚಿಂತೆಯಿಂದ ಮೋಡದ ಯಂತ್ರದಲ್ಲಿ ಇಳಿದು ಬರುತ್ತಾರೆ. ಕೆಲವು ಪುಸ್ತಕಗಳಲ್ಲಿ ಪರದೆ ಬರೆದವನ ಹೆಸರಿರುತ್ತದೆ, ಸಂಗೀತ ಮಾಡಿದವನ ಹೆಸರಿರುವುದಿಲ್ಲ!

ಇನ್ನೊಂದು ವಿಚಿತ್ರ, ಅಂಚಿನಲ್ಲಿ ಉದ್ಧರಣ ಚಿಹ್ನೆ ಹಾಕಿದ ಸಾಲುಗಳು. ಇವು ಕವಿ ಬರೆದದ್ದು, ರಂಗದಲ್ಲಿ ಹಾಡದೆ ಬಿಟ್ಟದ್ದು. ಆಟ ಉದ್ದವಾಯಿತೆಂದು ಕತ್ತರಿಸಿದರೂ ಕವಿಯ ಮರ್ಯಾದೆಗೆ ಅಚ್ಚಿನಲ್ಲಿ ಉಳಿಸುತ್ತಿದ್ದರು. ಎರಡೂವರೆ ಶತಮಾನದ ಹಿಂದಿನ ಜಗಳವೊಂದರ ರಾಜಿಪತ್ರ ಕೈಗೆ ಸಿಕ್ಕಂತಾಗುತ್ತದೆ. ಹೀಗೆ ಬಿಟ್ಟ ಸಾಲುಗಳನ್ನು ನಾನು ಬೇಕೆಂದೇ ಮೊದಲು ಓದುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಕತ್ತರಿಸಿದವನೇ ಸರಿ.

ಓದುವುದಕ್ಕೂ ಒಂದು ಕ್ರಮವಿದೆ. ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿದರೆ ಸಾಲುಗಳ ಆಕಾರದಲ್ಲೇ ಸಂಗೀತದ ನಕ್ಷೆ ಕಾಣುತ್ತದೆ. ಏಳು ಮತ್ತು ಹನ್ನೊಂದು ಅಕ್ಷರದ ಸಾಲುಗಳು ಮನಬಂದಂತೆ ಬೆರೆತಿದ್ದರೆ ಅದು ರಿಸಿಟೇಟಿವ್, ಮಾತಿನಂತೆ ಓಡುವ ಭಾಗ. ಸಾಲುಗಳು ಥಟ್ಟನೆ ಒಳಕ್ಕೆ ಸರಿದು, ಸಮನಾಗಿ, ಗಿಡ್ಡಗಾಗಿ, ಪ್ರಾಸ ಹಿಡಿದರೆ ಆರಿಯಾ, ಅಂದರೆ ಹಾಡು, ಶುರುವಾಯಿತೆಂದು ಅರ್ಥ. ಇಟಾಲಿಯನ್ ಪದಗಳಲ್ಲಿ ಸಾಮಾನ್ಯವಾಗಿ ಒತ್ತು ಬೀಳುವುದು ಕೊನೆಗಿಂತ ಹಿಂದಿನ ಅಕ್ಷರದ ಮೇಲೆ. ಆದರೆ ಆರಿಯಾದ ಚರಣದ ಕಡೆಯ ಸಾಲನ್ನು ಕವಿ ಹುಡುಕಿ ಹುಡುಕಿ ಒತ್ತಿನ ಅಕ್ಷರದಲ್ಲೇ ಮುಗಿಸುತ್ತಾನೆ. ಸಂಗೀತಗಾರನಿಗೆ ರಾಗ ತಂದು ನಿಲ್ಲಿಸಲು ಗಟ್ಟಿ ನೆಲ ಬೇಕಲ್ಲ! ಒತ್ತು ಇನ್ನೂ ಹಿಂದಕ್ಕೆ ಜಾರಿದರೆ ಬೇರೆಯೇ ಲೋಕ. ಕವಾಲ್ಲಿಯ 1649ರ ‘ಜಾಸೊನೆ’ಯಲ್ಲಿ ಮೆದೆಯಾ ಪಾತಾಳದ ಶಕ್ತಿಗಳನ್ನು ಕರೆಯುವ ಸಾಲುಗಳು ಹಾಗೆ ಜಾರುತ್ತವೆ. ಅರ್ಥ ತಿಳಿಯದೆ ಓದಿದರೂ ಏನೋ ಕೆಟ್ಟದ್ದು ನಡೆಯುತ್ತಿದೆ ಅನ್ನಿಸುತ್ತದೆ.

ಈ ಕಸುಬಿನ ಚಕ್ರವರ್ತಿ ಮೆತಸ್ತಾಸಿಯೊ. 1730ರಿಂದ 1782ರಲ್ಲಿ ಸಾಯುವವರೆಗೆ ವಿಯೆನ್ನಾದಲ್ಲಿ ಆಸ್ಥಾನಕವಿ. ಅವನ ಒಂದೊಂದು ಸಾಹಿತ್ಯಕ್ಕೂ ಹತ್ತಾರು ಜನ ಸಂಗೀತ ಕೂಡಿಸಿದರು. 1734ರಲ್ಲಿ ಕಲ್ದಾರನ ಸಂಗೀತದೊಂದಿಗೆ ಬಂದ ಅವನ ‘ತೀತೋನ ಕರುಣೆ’ಯನ್ನು 1791ರಲ್ಲಿ ಮೊಜಾರ್ಟ್ ಬೇರೊಬ್ಬನಿಂದ ತಿದ್ದಿಸಿಕೊಂಡು ಬಳಸಿದ. ಮೆತಸ್ತಾಸಿಯೊನಲ್ಲಿ ಎಲ್ಲ ಅಚ್ಚುಕಟ್ಟು: ಪಾತ್ರ ಬರುತ್ತದೆ, ಮಾತಾಡುತ್ತದೆ, ಭಾವ ಉಕ್ಕಿದಾಗ ಆರಿಯಾ ಹಾಡಿ ಚಪ್ಪಾಳೆ ಗಿಟ್ಟಿಸಿ ಹೋಗುತ್ತದೆ. ಮುಂದಿನವರು ಬರುತ್ತಾರೆ, ಹಾಡುತ್ತಾರೆ, ಹೋಗುತ್ತಾರೆ. ಮೂರು ಅಂಕ ಸತತವಾಗಿ ಓದಿದರೆ ಬಸ್ ನಿಲ್ದಾಣದಲ್ಲಿ ಕೂತವನ ಸ್ಥಿತಿ. ಮೆಚ್ಚುತ್ತೇನೆ, ಆದರೆ ಪ್ರೀತಿ ಹುಟ್ಟಲಿಲ್ಲ.

ಪ್ರೀತಿ ಹುಟ್ಟಿದ್ದು ಲೊರೆಂಜೊ ದ ಪೋಂತೆಯ ಮೇಲೆ. ಹುಟ್ಟಾ ಯೆಹೂದಿ, ಮತಾಂತರವಾಗಿ ಪಾದ್ರಿಯಾದವನು, ನಡತೆ ಸರಿಯಿಲ್ಲವೆಂದು ವೆನಿಸ್ಸಿನಿಂದ ಗಡೀಪಾರಾದವನು, ಕೊನೆಗಾಲದಲ್ಲಿ ಅಮೆರಿಕದಲ್ಲಿ ಕಿರಾಣಿ ಅಂಗಡಿ ಇಟ್ಟವನು, ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇಟಾಲಿಯನ್ ಪಾಠ ಹೇಳಿದವನು. ಏಕಕಾಲಕ್ಕೆ ಮೂವರು ಸಂಗೀತಗಾರರಿಗೆ ಮೂರು ಆಪೆರಾ ಬರೆದೆ, ಪಕ್ಕದಲ್ಲಿ ಟೊಕಾಯಿ ಮದ್ಯ, ಸೆವಿಲ್ಲೆಯ ತಂಬಾಕು ಇತ್ತು ಎಂದು ಆತ್ಮಕಥೆಯಲ್ಲಿ ಕೊಚ್ಚಿಕೊಂಡಿದ್ದಾನೆ. ಎಷ್ಟು ನಂಬಬೇಕೋ ಗೊತ್ತಿಲ್ಲ. ಮೊಜಾರ್ಟನಿಗೆ ಬರೆದ ಮೂರನ್ನು ಮಾತ್ರ ನಂಬಲೇಬೇಕು.

‘ಫಿಗರೊನ ಮದುವೆ’ಯ ಆರಂಭವನ್ನೇ ನೋಡಿ. ಮೂಲ ಬೋಮಾರ್ಶೆಯ ಫ್ರೆಂಚ್ ನಾಟಕ. ಅದರಲ್ಲಿ ಫಿಗರೊ ಮಂಚ ಹಾಕಲೆಂದು ಕೋಣೆ ಅಳೆದು ಉದ್ದ ಅಗಲವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಮಾತಿನ ನಾಟಕಕ್ಕೆ ಅಷ್ಟು ಸಾಕು. ದ ಪೋಂತೆ ಅದನ್ನು ಒಡೆದು, ಐದರಿಂದ ಹಿಡಿದು ನಲವತ್ತಮೂರರವರೆಗೆ ಆರು ಅಂಕಿಗಳನ್ನಾಗಿ ಮಾಡಿದ. ಕಾಗದದ ಮೇಲೆ ಇದು ದರ್ಜಿಯ ಲೆಕ್ಕದ ಚೀಟಿ. ಆದರೆ ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಬಾಗಿ ಅಳತೆಗೋಲು ಸರಿಸುವಷ್ಟು ಹೊತ್ತಿದೆ, ಆ ಹೊತ್ತು ವಾದ್ಯಗಳದ್ದು. ಅತ್ತ ಅವನನ್ನು ಮದುವೆಯಾಗಲಿರುವ ಸುಸಾನ ಕನ್ನಡಿಯ ಮುಂದೆ ಮದುವೆಯ ಟೋಪಿ ಇಟ್ಟುಕೊಂಡು ನೋಡು ನೋಡು ಎನ್ನುತ್ತಾಳೆ. ಅವನಿಗೆ ಮಂಚ, ಅವಳಿಗೆ ಟೋಪಿ. ಕೊನೆಗೆ ಅಳತೆ ಬಿಟ್ಟು ಟೋಪಿ ಹೊಗಳುವವನು ಅವನು. ಈ ದಾಂಪತ್ಯದಲ್ಲಿ ಯಾರ ಮಾತು ನಡೆಯುತ್ತದೆಂದು ಕೆಲವೇ ಸಾಲುಗಳಲ್ಲಿ, ಯಾರೂ ಹೇಳದೆ, ನಮಗೆ ತಿಳಿದುಹೋಗುತ್ತದೆ.

ಈ ಖಾಲಿ ಜಾಗಗಳಿಗಾಗಿಯೇ ನಾನು ಓದುವುದು. ಒಳ್ಳೆಯ ಕವಿತೆ ತನ್ನಲ್ಲೇ ತುಂಬಿರುತ್ತದೆ. ಅದಕ್ಕೆ ಸಂಗೀತ ಹಾಕಿದರೆ ಎಷ್ಟೋ ವೇಳೆ ಒಂದು ಇನ್ನೊಂದರ ಕಾಲು ತುಳಿಯುತ್ತದೆ. ಲಿಬ್ರೆಟ್ಟೊ ಕವಿ ಅರ್ಧ ಹೇಳಿ ನಿಲ್ಲಬೇಕು. ಅದೂ ಯಾವ ಅರ್ಧ ಬಿಡಬೇಕೆಂದು ಗೊತ್ತಿದ್ದು ನಿಲ್ಲಬೇಕು. ‘ಗೋಕುಲ ನಿರ್ಗಮನ’ ಗೀತನಾಟಕದಲ್ಲಿ ಪುತಿನ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಗಗಳೂ ಅವರ ಮನಸ್ಸಿನಲ್ಲೇ ಇದ್ದವು. ದ ಪೋಂತೆ ಬಿಟ್ಟುಕೊಡಬೇಕಾದದ್ದು ಇನ್ನೊಬ್ಬನಿಗೆ.

‘ಫಿಗರೊ’ದ ಎರಡನೆಯ ಅಂಕದ ಕೊನೆಯನ್ನು ನಾನು ಬೆರಳಿಟ್ಟುಕೊಂಡು ಓದುತ್ತೇನೆ. ಮುಚ್ಚಿದ ಕೋಣೆಯಲ್ಲಿ ಯಾರಿದ್ದಾರೆಂದು ಫಿಗರೊನ ಯಜಮಾನನಿಗೂ ಅವನ ಹೆಂಡತಿಗೂ ಜಗಳ. ಬಾಗಿಲು ತೆರೆದರೆ ಸುಸಾನ. ಆಮೇಲೆ ಫಿಗರೊ, ಆಮೇಲೆ ಹೂಕುಂಡ ಒಡೆದುಹೋಯಿತೆಂದು ರೇಗುತ್ತ ಬರುವ ಮಾಲಿ. ಅವನು ಹೋದ ಮೇಲೆ ಇನ್ನೂ ಮೂವರು. ಇಬ್ಬರಿಂದ ಶುರುವಾಗಿ ಏಳು ಜನರಾಗುವ ಹೊತ್ತಿಗೆ ಇಪ್ಪತ್ತು ನಿಮಿಷ, ನಡುವೆ ಒಂದು ಕ್ಷಣವೂ ಹಾಡು ನಿಲ್ಲುವುದಿಲ್ಲ. ಸಂದರ್ಭ ತಿರುಗಿದಂತೆ ಆಗಾಗ ಛಂದಸ್ಸೂ ತಿರುಗುತ್ತದೆ, ಅದರೊಂದಿಗೆ ಲಯವೂ. ಎದುರಾಳಿಗಳಿಬ್ಬರ ಸಾಲುಗಳನ್ನು ಒಂದೇ ಅಳತೆ, ಒಂದೇ ಪ್ರಾಸದಲ್ಲಿ ಕೂರಿಸಿ, ಪಕ್ಕದಲ್ಲಿ ‘ಇಬ್ಬರೂ’, ‘ಎಲ್ಲರೂ’ ಎಂದು ಅಚ್ಚು ಮಾಡಿರುತ್ತಾರೆ. ನಾಟಕದಲ್ಲಿ ನಾಲ್ವರು ಒಟ್ಟಿಗೆ ಮಾತಾಡಿದರೆ ಗದ್ದಲ. ಇಲ್ಲಿ ಅದೇ ಗದ್ದಲ ಹಾಡಾಗಬೇಕೆಂದು ಕವಿ ಮೊದಲೇ ಲೆಕ್ಕ ಹಾಕಿದ್ದಾನೆ. ಕಣ್ಣಿಗೆ ಒಂದರ ಕೆಳಗೊಂದಾಗಿ ಕಾಣುವುದನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಪ್ರಯತ್ನದಲ್ಲಿ ನನ್ನ ಎಷ್ಟೋ ಸಂಜೆಗಳು ಕಳೆದಿವೆ.

ನಾಟಕ ಆಪೆರಾ ಆಗುವಾಗ ಕಳೆದುಕೊಂಡದ್ದೂ ಉಂಟು. ಬೋಮಾರ್ಶೆಯ ಐದನೆಯ ಅಂಕದಲ್ಲಿ ಫಿಗರೊ ಶ್ರೀಮಂತರನ್ನು ಝಾಡಿಸುವ ದೊಡ್ಡ ಭಾಷಣವಿದೆ. ವಿಯೆನ್ನಾದ ಚಕ್ರವರ್ತಿ ಜೋಸೆಫನಿಗೆ ಅದು ಆಗುವಂಥದ್ದಲ್ಲ. ದ ಪೋಂತೆ ಅದನ್ನು ಕಿತ್ತು, ಆ ಜಾಗಕ್ಕೆ ಹೆಂಗಸರನ್ನು ಬಯ್ಯುವ ಆರಿಯಾ ಇಟ್ಟ. ಅಗ್ಗದ ಬದಲಾವಣೆ. ಆದರೆ ಕೋಪ ಎಲ್ಲಿಗೂ ಹೋಗಿಲ್ಲ. ಮೊದಲ ಅಂಕದಲ್ಲೇ ಯಜಮಾನನನ್ನು ತನ್ನ ತಾಳಕ್ಕೆ ಕುಣಿಸುವೆನೆಂದು ಫಿಗರೊ ಹಾಡುತ್ತಾನೆ, ಮೊಜಾರ್ಟ್ ಅದಕ್ಕೆ ಶ್ರೀಮಂತರದೇ ಕುಣಿತವಾದ ಮಿನುಯೆಟ್ಟಿನ ನಡೆ ಹಾಕಿದ್ದಾನೆ. ಸೆನ್ಸಾರಿನವರು ಸಾಲುಗಳನ್ನು ಓದುತ್ತಾರೆ, ತಾಳ ಓದುವುದಿಲ್ಲ.

ಸೆನ್ಸಾರಿನ ಕಥೆಗಳಿಗೆ ವೆರ್ದಿಯ ಕಾಲಕ್ಕೆ ಬರಬೇಕು. 1851ರ ‘ರಿಗೊಲೆತ್ತೊ’ದಲ್ಲಿ ವಿಕ್ಟರ್ ಹ್ಯೂಗೋನ ಫ್ರೆಂಚ್ ರಾಜ ಮಾಂತುವದ ಡ್ಯೂಕ್ ಆದ. 1859ರ ‘ಮುಖವಾಡದ ಕುಣಿತ’ದಲ್ಲಿ ಸ್ವೀಡನ್ನಿನ ದೊರೆ ಬಾಸ್ಟನ್ನಿನ ಗವರ್ನರ್ ಆದ. ರಾಜನ ಕೊಲೆ ತೋರಿಸಬಾರದು, ಗವರ್ನರನದಾದರೆ ಚಿಂತೆಯಿಲ್ಲ! ವೆರ್ದಿಗೆ ಕವಿಗಳಿಂದ ಬೇಕಾಗಿದ್ದದ್ದು ಮಾತ್ರ ಒಂದೇ. ‘ಐದಾ’ದ ಸಮಯದಲ್ಲಿ, 1870ರಲ್ಲಿ, ಅದರ ಕವಿ ಗಿಸ್ಲನ್ಜೋನಿಗೆ ಬರೆದ ಪತ್ರದಲ್ಲಿ, ಸನ್ನಿವೇಶವನ್ನು ಥಟ್ಟನೆ ಕಣ್ಣಿಗೆ ಕಟ್ಟುವ ಮಾತು ಕೊಡಿ, ಅದಕ್ಕಾಗಿ ಪ್ರಾಸ ಚರಣ ಬಿಟ್ಟರೂ ಸರಿ ಎಂಬರ್ಥದಲ್ಲಿ ಕೇಳಿದ್ದಾನೆ.

ರಿಚರ್ಡ್ ಸ್ಟ್ರೌಸ್ ಇದಕ್ಕೆ ತದ್ವಿರುದ್ಧ, ಏನು ಕೊಟ್ಟರೂ ಹಾಡಾಗಿಸುವವನು. ಕವಿ ಹಾಫ್‌ಮನ್‌ಸ್ತಾಲ್ ‘ರೋಸನ್‌ಕವಾಲಿಯರ್’ನಲ್ಲಿ ನಟನಿಗೆಂದು ಬರೆದ ರಂಗಸೂಚನೆಯ ತುಣುಕೊಂದನ್ನು ಪಾತ್ರದ ಮಾತೆಂದುಕೊಂಡು ಅದಕ್ಕೂ ಸಂಗೀತ ಹಾಕಿಬಿಟ್ಟ. ಅದು ಹಾಗೇ ಉಳಿದಿದೆ, ಇವತ್ತಿಗೂ ಹಾಡುತ್ತಾರೆ.

ಬ್ರಾಡ್‌ವೇಯ ಸಂಗೀತ ನಾಟಕಗಳನ್ನೂ ನಾನು ಬಿಟ್ಟಿಲ್ಲ. 1943ರ ‘ಒಕ್ಲಹೋಮ’ಕ್ಕೆ ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ಮೊದಲ ಹಾಡು ಕಾಗದದಲ್ಲಿ ಸಪ್ಪೆ, ಬೆಳಗು ಚೆನ್ನಾಗಿದೆ ಎನ್ನುವುದರಾಚೆ ಹೆಚ್ಚೇನೂ ಇಲ್ಲ. ಅವನ ಶಿಷ್ಯ ಸ್ಟೀಫನ್ ಸಾಂಡ್‌ಹೈಮ್ 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಹೊಸದಾಗಿ ವಲಸೆ ಬಂದ ಹುಡುಗಿಯ ಬಾಯಲ್ಲಿ ಒಳಪ್ರಾಸಗಳನ್ನು ಹೆಣೆದು, ಆ ಹುಡುಗಿ ಹಾಗೆ ಮಾತಾಡುವವಳಲ್ಲವಲ್ಲ ಎಂದು ಮುಂದೆ ಬಾರಿಬಾರಿಗೂ ನಾಚಿಕೊಂಡ. ಜಾಣತನದಲ್ಲಿ ಶಿಷ್ಯ ಮೇಲು. ಆದರೂ ಓದುವಾಗ ಗುರುವಿನ ಸಪ್ಪೆ ಸಾಲೇ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಅದಕ್ಕೆ ಇನ್ನೂ ಏನೋ ಬೇಕಾಗಿದೆ.

ಈಚೆಗೆ ಓದುತ್ತಿರುವುದು ಕಾಸ್ತಿ ಎಂಬವನು ಸಾಲಿಯೇರಿಗೆ ಬರೆದ ಏಕಾಂಕ, ‘ಮೊದಲು ಸಂಗೀತ, ಆಮೇಲೆ ಮಾತು’. 1786ರ ಫೆಬ್ರವರಿ 7ರಂದು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿ ಆಡಿದ್ದು. ಸಂಗೀತ ಸಿದ್ಧವಾಗಿಬಿಟ್ಟಿದೆ, ನಾಲ್ಕು ದಿನದೊಳಗೆ ಅದಕ್ಕೆ ಮಾತು ಕೂರಿಸಬೇಕೆಂದು ಕವಿಯ ಬೆನ್ನಿಗೆ ಬಿದ್ದಿದ್ದಾರೆ. ಆ ಪೇಚಾಡುವ ಕವಿಯಲ್ಲಿ ಕಾಸ್ತಿ ತನ್ನನ್ನೇ ಲೇವಡಿ ಮಾಡಿದ್ದಾನೆಂದು ದ ಪೋಂತೆ ಹಲ್ಲು ಕಡಿದ. ಮೂರು ತಿಂಗಳೂ ಕಳೆಯಲಿಲ್ಲ. ಮೇ 1ರಂದು ಅದೇ ವಿಯೆನ್ನಾದಲ್ಲಿ ‘ಫಿಗರೊ’ ರಂಗವೇರಿತು. ಕಾಸ್ತಿಯ ಆ ಏಕಾಂಕ ಓದಲು ಬಲು ತಮಾಷೆಯಾಗಿದೆ, ಪ್ರಾಸಗಳು ಪಟಪಟ ಸಿಡಿಯುತ್ತವೆ, ಸಂಗೀತಕ್ಕೆಂದು ಬಿಟ್ಟ ಜಾಗ ಮಾತ್ರ ನನಗಿನ್ನೂ ಸಿಕ್ಕಿಲ್ಲ.