ಕೈಚೀಲಾ ಬಿಟ್ಟು ಊರಿಗೆ ಹೋದಾಕಿ

ವೈನಿ, ಮಾವಶಿ, ಛಲೋ ಪತ್ತೇದಾರಿ ಪಿಕ್ಚರ್ ಇದ್ರ ಹೇಳು ಅಂತಿದ್ರೆಲ್ಲಾ, ಹಿಚ್‌ಕಾಕ್‌ನ 'ರಿಯರ್ ವಿಂಡೋ' ನೋಡ್ರಿ. 1954ರದ್ದು, ಇಂಗ್ಲಿಷ್ ಪಿಕ್ಚರ್.

ನ್ಯೂಯಾರ್ಕಿನ್ಯಾಗ ಒಬ್ಬ ಫೋಟೋಗ್ರಾಫರ್ ಕಾಲ ಮುರಕೊಂಡು ಮನ್ಯಾಗ ಕೂತಾನ. ವಿಪರೀತ ಸೆಕಿ, ಎಲ್ಲಾರ ಕಿಡಕೀನೂ ತೆರದಾವ. ಹೊತ್ತು ಹೋಗಲಿಕ್ಕೆ ಹಿಂದಿನ ಮನಿಗೋಳನ್ನ ನೋಡಕೋತ ಇರತಾನ. ಎದುರಮನಿ ಹಾಸಿಗಿ ಹಿಡದ ಹೆಂಡತಿ ಒಂದಿನ ಕಾಣಸೂದೇ ಇಲ್ಲ. ಗಂಡನ ಕೊಂದಾನೇನು?

ಪತ್ತೇದಾರ ಗೆಳೆಯಾ, ಆಕಿ ಊರಿಗೆ ಹೋಗ್ಯಾಳ ಅಂತಾನ. ಫೋಟೋಗ್ರಾಫರನ ಗೆಳತಿ ಲೀಸಾ ಒಪ್ಪೂದಿಲ್ಲ. ಮೆಚ್ಚಿನ ಕೈಚೀಲಾ, ದಾಗೀನಾ, ಮದುವಿ ಉಂಗುರಾ ಎಲ್ಲಾ ಬಿಟ್ಟು ಯಾವ ಹೆಂಗಸು ಊರಿಗೆ ಹೋಗತಾಳ? ನಾವು ತಾಳಿ ತಗದಿಟ್ಟು ತವರಿಗೆ ಹೋಗತೇವೇನ್ರಿ? ಹೆಂಗಸರ ಊಹೆ ಅಂತ ಅಂವಾ ತಳ್ಳಿಹಾಕತಾನ. ಆದ್ರ ಪತ್ತೇದಾರಗ ಹೊಳೀಲಾರದ್ದು ಊರಿಗೆ ಹೋಗಲಿಕ್ಕೆ ಚೀಲಾ ತುಂಬೋ ಕೈಗೆ ತಟ್ಟಂತ ತಿಳೀತದ.

ಇನ್ನೊಂದು. ಅಷ್ಟು ಮನಿ ಒಂದಕ್ಕೊಂದು ಹತ್ತಿ ಇದ್ರೂ, ಆಕಿ ಕಾಣವಲ್ಲಳಲ್ಲಾ ಅಂತ ಬ್ಯಾರೆ ಯಾರೂ ಕೇಳೂದಿಲ್ಲ. ಮಂದಿ ಮನಿ ಇಣಕಬಾರದು, ಖರೆ. ಆದ್ರ ಎರಡ ದಿನಾ ಕಾಣಲಿಲ್ಲಂದ್ರ, ಆರಾಮ ಇದ್ದೀರಿಲ್ಲೋ ಅಂತ ಬಾಗಲಾ ಬಡಿಯೂದು ಇಣಕೂದಲ್ಲ.

ಕಡೀಕ ಏನಾತು ಅಂತ ಹೇಳೂದಿಲ್ಲ. ಒಲಿ ಮ್ಯಾಲೆ ಅನ್ನಾ ಇಟ್ಟು ಮಾತ್ರ ನೋಡಲಿಕ್ಕೆ ಕೂಡಬ್ಯಾಡ್ರಿ, ತಳಾ ಹತ್ತತದ.