ಹಾವಿಗೆ ಕೌದಿ ಹೊಚ್ಚಿದ ರಾತ್ರಿ

ಇದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಬರೆದಿರಲಿಲ್ಲ. ಕಾರಣ ನಾಚಿಕೆ. ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದರೆ ಕಳೆದ ವಾರ ನಾಲ್ಕನೇ ತರಗತಿಯ ಹುಡುಗನೊಬ್ಬ "ಸರ್, ನಮ್ಮನ್ಯಾಗ ಕೋಳಿಮರಿ ಟಬ್ಬಿನ್ಯಾಗ ಇಟ್ಟೀವ್ರಿ, ಥಂಡಿ ಹತ್ತಬಾರ್ದಂತ ಕೆಳಗ ನಮ್ಮಜ್ಜಿ ಬೆನ್ನು ಕಾಸೋ ಪ್ಯಾಡ್ ಹಾಕೀವ್ರಿ" ಅಂದ. ಕೇಳಿ ಎದೆ ಝಲ್ಲೆಂದಿತು. ಇನ್ನು ಸುಮ್ಮನಿರುವುದು ಸರಿಯಲ್ಲ ಅನಿಸಿ ಕೂತು ಬರೆಯುತ್ತಿದ್ದೇನೆ.

ನಮ್ಮ ಕಂಗ್ಟಿ ಗೊತ್ತಿಲ್ಲದವರಿಗೆ ಒಂದು ಮಾತು. ಸಂಗಾರೆಡ್ಡಿ ಜಿಲ್ಲೆ, ನಾರಾಯಣಖೇಡದ ಕಡೆ. 2016ರ ತನಕ ಮೆದಕ್ ಜಿಲ್ಲೆಯಲ್ಲಿದ್ದೆವು. ಗಡಿ ದಾಟಿದರೆ ಔರಾದ್, ಬೀದರ. ಬಿಸಿಲಿನ ನಾಡು ಅಂತ ಎಲ್ಲರೂ ತಿಳಿದಿದ್ದಾರೆ, ಅದು ಸುಳ್ಳಲ್ಲ. ಆದರೆ ಡಿಸೆಂಬರ್ ಜನವರಿಯಲ್ಲಿ ನಮ್ಮ ಜಿಲ್ಲೆಯ ಥಂಡಿ ಪೇಪರಿನಲ್ಲಿ ಬರುತ್ತದೆ. ಕೋಹೀರ್ ಕಡೆಯಂತೂ ಬೆಳಗಿನ ಜಾವ ಒಂದಂಕಿಗೆ ಇಳಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನ ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಐದನೇ ತರಗತಿವರೆಗೆ ನನ್ನ ಕೈಯಲ್ಲೇ ಕಲಿತವ. ಅವನು ಒಂದು ಹಾವು ಸಾಕಿದ್ದಾನೆ. (ಹೌದ್ರಿ, ಹಾವೇ!) ಬಾಲ್ ಪೈಥಾನ್ ಅಂತ ಅದರ ಹೆಸರು. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ ಕಡೆಯ ಹಾವು. ವಿಷ ಇಲ್ಲ, ಬೆಳೆದರೆ ನಾಲ್ಕೈದು ಅಡಿ. ಅಂಜಿಕೆಯಾದರೆ ತಲೆಯನ್ನು ನಡುವೆ ಇಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು.

ಇಲ್ಲಿ ಮಕ್ಕಳು ಓದುತ್ತಾರೆಂದು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ನೆಲದ ಹಾವು, ಅದು ನಾಗರ ಇರಲಿ, ಕೇರೆ ಇರಲಿ, ಹೆಬ್ಬಾವು ಇರಲಿ, ಹಿಡಿದು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಪ್ರಾಣಿಗಳ ಲೆಕ್ಕ ಬೇರೆ. 2022ರಲ್ಲಿ ಕಾಯ್ದೆ ತಿದ್ದಿದರು, 2024ರಲ್ಲಿ ನಿಯಮ ಬಂತು, ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ಹುಡುಗ ಮಾಡಿಸಿದ್ದಾನೆ. ನಾನು ಹಾವು ನೋಡುವ ಮೊದಲು ಕೇಳಿದ್ದೇ ಆ ಕಾಗದ. ಸರಕಾರಿ ನೌಕರ ನೋಡ್ರಿ, ಅಭ್ಯಾಸ ಹೋಗುವುದಿಲ್ಲ.

2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30, ಸೋಮವಾರ ಬಂದಿತ್ತು. ಹುಡುಗ ಶನಿವಾರವೇ ಊರಿಗೆ ಬಂದ. ರೂಮಿನಲ್ಲಿ ಇರುವ ಗೆಳೆಯರೆಲ್ಲ ಅವರವರ ಊರಿಗೆ ಹೋಗಿದ್ದರಿಂದ ಹಾವನ್ನೂ ಜೊತೆಗೇ ತಂದಿದ್ದ. ಮುಚ್ಚಳಕ್ಕೆ ತೂತು ಕೊರೆದ ಒಂದು ಪ್ಲಾಸ್ಟಿಕ್ ಟಬ್ಬು, ಒಳಗೆ ನ್ಯೂಸ್ ಪೇಪರು, ಒಂದು ಮೂಲೆಗೆ ನೀರಿನ ಬಟ್ಟಲು. ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. ನಮ್ಮ ವೈನಿ, ಅಂದರೆ ಅವನ ಅವ್ವ, "ಇದು ಮನ್ಯಾಗ ಇದ್ರ ನಾ ಹೊಲಕ್ಕೇ ಹೋಗಿ ಮಲಗ್ತೀನಿ" ಅಂತ ಕೂತುಬಿಟ್ಟರು. ಆದರೆ ನನ್ನ ಅವ್ವ, ನಾಗರ ಪಂಚಮಿಗೆ ತಪ್ಪದೆ ಹುತ್ತಕ್ಕೆ ಹಾಲೆರೆಯುವವಳು, ಹತ್ತಿರ ಹೋಗಿ ಕೈ ಮುಗಿದು ನಿಂತಳು. ಕೊನೆಗೆ ಟಬ್ಬು ನನ್ನ ಕೋಣೆಗೆ ಬಂತು. ಅಲ್ಲಿ ಮಲಗುವವರು ನಾನು ಮತ್ತು ನನ್ನ ಸಣ್ಣ ಮಗಳು.

ಹಾವಿಗೆ ತನ್ನ ಮೈಯಲ್ಲಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬಹುದು. ಪುಸ್ತಕದಲ್ಲಿ ಶೀತರಕ್ತ ಪ್ರಾಣಿ ಅಂತ ಬರೆದಿರುತ್ತದೆ. ರಕ್ತ ತಣ್ಣಗಿರುತ್ತದೆ ಅಂತಲ್ಲ, ಶಾಖವನ್ನು ಹೊರಗಿನಿಂದ ಸಾಲ ತರಬೇಕು ಅಂತ ಅರ್ಥ. ಬೆಳಿಗ್ಗೆ ನಮ್ಮ ಹಾವುಗಳು ಬಂಡೆಯ ಮೇಲೆ, ಡಾಂಬರು ರಸ್ತೆಯ ಮೇಲೆ ಬಿದ್ದಿರುವುದು ಇದಕ್ಕೇ. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಈ ಆಫ್ರಿಕಾದ ಹಾವಿಗೆ ಒಂದು ಕಡೆ 31-32 ಡಿಗ್ರಿ, ಇನ್ನೊಂದು ಕಡೆ 25-26 ಡಿಗ್ರಿ ಬೇಕು. ಅದಕ್ಕಾಗಿ ಸಾಕುವವರು ಟಬ್ಬಿನ ಕೆಳಗೆ ಹೀಟ್ ಮ್ಯಾಟ್ ಇಡುತ್ತಾರೆ. ನೋಡಲು ಲ್ಯಾಮಿನೇಶನ್ ಮಾಡಿಸಿದ ಮಾರ್ಕ್ಸ್ ಕಾರ್ಡಿನ ಹಾಗೆ ತೆಳ್ಳಗೆ ಇರುತ್ತದೆ. ಒಳಗೆ ಶಾಖದ ಪಟ್ಟಿ, ಒಂದು ವಯರು, ಒಂದು ಪ್ಲಗ್ಗು.

ಹೈದರಾಬಾದಿನಲ್ಲಿ ಅವನ ಹತ್ತಿರ ಸರಿಯಾದ ಮ್ಯಾಟು, ಅದಕ್ಕೆ ಥರ್ಮೋಸ್ಟಾಟ್ ಎಲ್ಲ ಇತ್ತು. ನಾಲ್ಕು ದಿನಕ್ಕೆ ಅದನ್ನೆಲ್ಲ ಯಾರು ಬಿಚ್ಚುತ್ತಾರೆ? ಅಮೆರಿಕದಿಂದ ಬಂದ ಗೆಳೆಯ ಕೊಟ್ಟಿದ್ದ ಒಂದು ಸಣ್ಣ ಹೊಸ ಮ್ಯಾಟು ಬ್ಯಾಗಿಗೆ ಹಾಕಿಕೊಂಡು ಬಂದಿದ್ದ. ಅದರ ಪಿನ್ನು ಚಪ್ಪಟೆ. ನಮ್ಮ ಸಾಕೆಟ್ಟಿಗೆ ಕೂಡುವುದಿಲ್ಲ. "ಕಾಕಾ, ನಿಮ್ಮ ಹತ್ರ ಅಡಾಪ್ಟರ್ ಅದ ಏನ್ರಿ?" ಅಂದ. ಇತ್ತು, ನಾನೇ ಹುಡುಕಿ ಕೊಟ್ಟೆ. ಕೊಡುವಾಗ ಆ ಮ್ಯಾಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದೆ. ಹಿಂದೆ ಸಣ್ಣ ಅಕ್ಷರದಲ್ಲಿ 110 ವೋಲ್ಟ್, 12 ವ್ಯಾಟ್ ಅಂತ ಇತ್ತು. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪ್ರಶ್ನೆ ಪೂರ್ತಿ ಓದ್ರಿ, ಆಮೇಲೆ ಉತ್ತರ ಬರೀರಿ ಅಂತ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಬೈಯುತ್ತಾ ಬಂದವ ನಾನು...

ಒಂದು ಕೆಲಸ ಮಾತ್ರ ಹುಡುಗ ಸರಿಯಾಗಿ ಮಾಡಿದ. ಮ್ಯಾಟನ್ನು ಟಬ್ಬಿನ ಅಡಿಗೆ ಪೂರ್ತಿ ಹರಡದೆ ಒಂದು ತುದಿಗೆ ಮಾತ್ರ ಇಟ್ಟ. ಆದರೆ ಇಟ್ಟದ್ದು ಮಡಚಿದ ಜಮಖಾನದ ಮೇಲೆ. ಒಂಬತ್ತು ಗಂಟೆಗೆ ಸ್ವಿಚ್ಚು ಹಾಕಿ ಅಣ್ಣನ ಜೊತೆ ಮಾತಾಡುತ್ತಾ ಆ ಕಡೆ ಮಲಗಿಬಿಟ್ಟ. ನಾನೂ ದೀಪ ಆರಿಸಿದೆ. ಆಮೇಲೆ ನಮ್ಮ ಅವ್ವ ಎದ್ದು ಬಂದಿದ್ದಾಳೆ. "ಪಾಪ, ಮೂಕ ಜೀವ, ಥಂಡಿ ಹತ್ತತದ" ಅಂತ ತನ್ನ ಕೌದಿ ತಂದು ಟಬ್ಬಿನ ಮೇಲೆ, ಸುತ್ತಲೂ, ನೆಲಕ್ಕೆ ತಾಕುವ ಹಾಗೆ ಹೊಚ್ಚಿ ಹೋಗಿದ್ದಾಳೆ. ನನಗೆ ಅರೆಬರೆ ಎಚ್ಚರವಿತ್ತು. ನೋಡಿದೆ, ಒಳ್ಳೇದೇ ಆಯ್ತು ಅಂದುಕೊಂಡೆ.

ಒಂದು ಗಂಟೆ ಸುಮಾರಿಗೆ ಮಗಳು ಎಬ್ಬಿಸಿದಳು. "ಅಪ್ಪಾ, ಏನೋ ವಾಸ್ನಿ ಬರ್ಲಾಕತ್ತದ." ಪ್ಲಾಸ್ಟಿಕ್ಕು ಕಾದ ವಾಸನೆ, ಅದರ ಜೊತೆ ಅರಿವೆ ಸೀದ ವಾಸನೆ. ಮೊದಲು ಸ್ವಿಚ್ಚು ತೆಗೆದೆ, ಆಮೇಲೆ ಕೌದಿ ಎಳೆದೆ. ಟಬ್ಬಿನ ತಳ ಒಂದು ಕಡೆ ಉಬ್ಬಿ ಬಂದಿತ್ತು. ಮ್ಯಾಟಿನ ಒಂದು ಮೂಲೆ ಕಪ್ಪಾಗಿತ್ತು. ಕೆಳಗಿನ ಜಮಖಾನದ ಮೇಲೆ ಇಸ್ತ್ರಿ ಮರೆತಿಟ್ಟ ಹಾಗೆ ಕಂದು ಕಲೆ. ಅದರಿಂದ ಮೊಳದಷ್ಟು ದೂರದಲ್ಲಿ ಮಗಳ ಹಾಸಿಗೆ. ಹಾವು ಇನ್ನೊಂದು ತುದಿಗೆ ಹೋಗಿ ನೀರಿನ ಬಟ್ಟಲಿಗೆ ಸುತ್ತಿಕೊಂಡು ಕೂತಿತ್ತು. ಹುಡುಗ ಓಡಿ ಬಂದು ಅದನ್ನು ಎತ್ತಿ ಹೊಟ್ಟೆ ತಿರುಗಿಸಿ ನೋಡಿದ. ಅಂಗೈ ಉದ್ದದಷ್ಟು ಜಾಗದಲ್ಲಿ ಹುರುಪೆ ಕೆಂಪಾಗಿ, ನಡುವೆ ಎರಡು ಮೂರು ಬೊಬ್ಬೆ. ಇಪ್ಪತ್ತೇಳು ವರ್ಷದ ಹುಡುಗ, ನೆಲದ ಮೇಲೆ ಕೂತು ಅತ್ತುಬಿಟ್ಟ.

ಬೆಳಿಗ್ಗೆ ಬೀದರಿಗೆ ಒಯ್ದೆವು. ಅಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದರಿಂದ ನಮ್ಮ ಕಡೆಯವರಿಗೆ ದನಕರು ಅಂದರೆ ಬೀದರ ಅಂತ ರೂಢಿ. ನೋಡಿದ ಡಾಕ್ಟರು ಬೈಯಲಿಲ್ಲ. ಗಾಯ ತೊಳೆದು, ಸುಟ್ಟ ಗಾಯಕ್ಕೆ ನಮಗೂ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚಿದರು. ಟಬ್ಬಿನಲ್ಲಿ ಬರೀ ಶುಭ್ರ ಪೇಪರು ಹಾಕಿ, ದಿನಾ ಬದಲಿಸಿ, ಪೊರೆ ಬಿಡುತ್ತಾ ಬಿಡುತ್ತಾ ಮಾಯುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು. ಸೋಮವಾರ ಹೊಲಕ್ಕೆ ಹೋಗಿ ಭಜ್ಜಿ, ಕಡಬು, ಅಂಬಲಿ ಎಲ್ಲ ಆಯಿತು. ಆದರೆ ಯಾರಿಗೂ ರುಚಿ ಹತ್ತಲಿಲ್ಲ. ಅವ್ವ ಅಂತೂ ತನ್ನಿಂದಲೇ ಆಯಿತೆಂದು ಮಾತೇ ಬಿಟ್ಟಿದ್ದಳು.

ಅವ್ವನಿಂದ ಆಗಿದ್ದಲ್ಲ. ಅಂದರೆ ಅವಳೊಬ್ಬಳಿಂದ ಅಲ್ಲ. ನಾನು ಟಿಸಿಎಚ್ ಮುಗಿಸಿ ಬಿಎ ಕಟ್ಟಿದವ, ವಿಜ್ಞಾನ ಅಷ್ಟಕ್ಕಷ್ಟೇ. ನಮ್ಮ ಗೆಳೆಯರೊಬ್ಬರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತಾರೆ, ಅವರು ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಮ್ಯಾಟಿನ ರೋಧ ಬದಲಾಗುವುದಿಲ್ಲ. ವೋಲ್ಟೇಜು ಎರಡು ಪಟ್ಟಾದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 110ಕ್ಕೆ ಮಾಡಿದ್ದನ್ನು 230ಕ್ಕೆ ಹಾಕಿದರೆ 4.37 ಪಟ್ಟು. 12 ವ್ಯಾಟಿನ ಮ್ಯಾಟು 52 ವ್ಯಾಟಿನದಾಯಿತು. ಹಳೇ ಕಾಲದ 60 ವ್ಯಾಟಿನ ಬಲ್ಬು ಉರಿಯುವಾಗ ಮುಟ್ಟಿ ನೋಡಿದವರಿಗೆ ಗೊತ್ತು ಅದು ಏನೆಂದು. ಅದನ್ನು ಕೌದಿ ಜಮಖಾನದ ನಡುವೆ ಮುಚ್ಚಿಟ್ಟ ಹಾಗಾಯಿತು. ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆ, ಕರೆಂಟನ್ನಲ್ಲ. ಮೊಬೈಲ್ ಚಾರ್ಜರಿನ ಮೇಲೆ 100ರಿಂದ 240 ಅಂತ ಇರುತ್ತದೆ, ಅದು ನಡೆಯುತ್ತದೆ. ಎಲ್ಲವೂ ಹಾಗೆ ಅಂತ ನಾವು ತಿಳಿದುಕೊಂಡಿದ್ದೆವು.

ನಮ್ಮ ದೇಶದ ಮ್ಯಾಟೇ ಇದ್ದಿದ್ದರೂ ಮುಚ್ಚಿಟ್ಟರೆ ಅಪಾಯವೇ ಅಂದರು ಅವರು. ಮ್ಯಾಟಿಗೆ ತಾನೆಷ್ಟು ಕಾದಿದ್ದೇನೆ ಅಂತ ತಿಳಿಯುವುದಿಲ್ಲ. ಶಾಖ ಹೊರಗೆ ಹೋಗಲು ದಾರಿ ಇದ್ದಷ್ಟು ಹೋಗುತ್ತದೆ, ದಾರಿ ಮುಚ್ಚಿದರೆ ಏರುತ್ತಲೇ ಇರುತ್ತದೆ. ಅದರ ಮೇಲೆ ನಮ್ಮ ಹಳ್ಳಿಯ ಕರೆಂಟು. ರಾತ್ರಿ ಲೋಡು ಇಳಿದಾಗ 230 ಇದ್ದದ್ದು 250 ಆದರೆ ಶಾಖ ಶೇ. 18 ಹೆಚ್ಚು.

ರಜೆ ಮುಗಿದ ಮೇಲೆ ಈ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನಮಗ ಕೆಳಗ ಸುಟ್ರ ಟಣ್ಣಂತ ಜಿಗೀತೀವಿ. ಹಾವು ಯಾಕ ಸುಟ್ಕೊಳ್ಳೋ ತನಕ ಕೂತಿತ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣ್ಣನ ಮಗನಿಗೆ ಫೋನು ಮಾಡಿ ಕೇಳಿ ಮರುದಿನ ಹೇಳಿದೆ. ಹಾವಿನ ಬಾಳಿನಲ್ಲಿ ಶಾಖ ಬರುವುದು ಮೇಲಿನಿಂದ, ಸೂರ್ಯನಿಂದ. ಬಿಸಿ ಹೆಚ್ಚಾದರೆ ಅದು ಕೆಳಗೆ ಹೋಗುತ್ತದೆ, ಬಿಲಕ್ಕೆ, ಕಲ್ಲಿನ ಅಡಿಗೆ. ಅಲ್ಲಿ ತಂಪು ಇರುತ್ತದೆ ಅಂತ ಅದರ ಮೈಗೆ ಗೊತ್ತು. ಟಬ್ಬಿನಲ್ಲಿ ನಾವು ಅದನ್ನು ತಿರುವಿಹಾಕಿದ್ದೇವೆ. ಬಿಸಿ ಕೆಳಗಿದೆ. ಪೇಪರಿನ ಕೆಳಗೆ ತೂರಿದರೆ ಇನ್ನೂ ಬಿಸಿ. ಶಾಖವೂ ನಿಧಾನಕ್ಕೆ ಏರುವುದರಿಂದ ಹೊಟ್ಟೆ ಸುಡುತ್ತಿದ್ದರೂ ಎಷ್ಟೋ ಹಾವುಗಳು ಅಲ್ಲೇ ಇರುತ್ತವೆ. ನಮ್ಮದು ತಡವಾಗಿಯಾದರೂ ಸರಿಯಿತು, ಸರಿಯಲು ತಂಪಾದ ತುದಿ ಇತ್ತು. ಮ್ಯಾಟು ತಳದ ತುಂಬ ಹರಡಿದ್ದರೆ ಬೆಳಿಗ್ಗೆ ಬೀದರಿಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೋದಾಗ ಅವನ ವ್ಯವಸ್ಥೆ ನೋಡಿದೆ. ತ್ರಿಕೋನದೊಳಗೆ 5 ಅಂತ ಅಂಕಿ ಇರುವ, ಅಂದರೆ ಪಾಲಿಪ್ರೊಪಿಲೀನ್ ಟಬ್ಬು. ಇದು ಪಾರದರ್ಶಕ ಗಡಸು ಪ್ಲಾಸ್ಟಿಕ್ಕಿನ ಹಾಗೆ ಸೀಳುವುದಿಲ್ಲ, ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ಅದರ ನಾಲ್ಕು ಮೂಲೆಗೆ ರಬ್ಬರಿನ ಕಾಲು ಅಂಟಿಸಿದ್ದಾನೆ, ಅರ್ಧ ಸೆಂಟಿಮೀಟರು ಮೇಲೆ ನಿಂತಿದೆ, ಕೆಳಗೆ ಗಾಳಿಯಾಡುತ್ತದೆ. ಇಟ್ಟದ್ದು ಟೈಲ್ಸಿನ ಮೇಲೆ. ಮ್ಯಾಟು ತಳದ ಮೂರನೇ ಒಂದು ಭಾಗಕ್ಕೆ ಮಾತ್ರ, ಹೊರಗಡೆಯಿಂದ. ಟಬ್ಬಿನ ಒಳಗೆ ಎಂದೂ ಇಡಬಾರದಂತೆ. ನೀರು ಚೆಲ್ಲುತ್ತದೆ, ಹಾವು ಅದರ ಕೆಳಗೆ ನುಗ್ಗುತ್ತದೆ. ಥರ್ಮೋಸ್ಟಾಟಿನ ಸೆನ್ಸರು ಮ್ಯಾಟು ಮತ್ತು ಟಬ್ಬಿನ ನಡುವೆ ಟೇಪಿನಿಂದ ಅಂಟಿದೆ. "ಒಳಗ ಯಾಕ ಇಟ್ಟಿಲ್ಲೋ?" ಅಂದೆ. "ಕಾಕಾ, ಅದು ಹೊರಳಾಡಿ ಸೆನ್ಸರ್ ಸರಿಸಿತು ಅಂದ್ರ, ಸೆನ್ಸರ್‌ಗೆ ಥಂಡಿ ಅನಸ್ತದ. ಮ್ಯಾಟಿಗೆ ಇನ್ನೂ ಕಾಯಿ, ಇನ್ನೂ ಕಾಯಿ ಅಂತ ಹೇಳ್ಕೋತ ಹೋಗ್ತದ." ಒಳಗಿನ ನೆಲವನ್ನು ಬೇರೆಯೇ ಥರ್ಮಾಮೀಟರಿನಿಂದ ಅಳೆಯುತ್ತಾನೆ. ಕಾಲು ಇಂಚಿನಷ್ಟೇ ಪೇಪರು ಹಾಕುತ್ತಾನೆ. ದಪ್ಪ ಹಾಕಿದರೆ ಅದೂ ಕೌದಿಯೇ. ಹಾವಿಲ್ಲದ ಖಾಲಿ ಟಬ್ಬಿನಲ್ಲಿ ಎರಡು ಹಗಲು ಎರಡು ರಾತ್ರಿ ಓಡಿಸಿ ನೋಡಿ, ಆಮೇಲೆ ಹಾವು ಬಿಟ್ಟನಂತೆ. ಹೊಟ್ಟೆಯ ಮೇಲೆ ಕಲೆ ಇದೆ, ಗಾಯ ಮಾದಿದೆ. ನನ್ನ ತೋಳಿನ ಮೇಲೂ ಬಿಟ್ಟ. ತಣ್ಣಗಿರುತ್ತದೆ ಅಂದುಕೊಂಡಿದ್ದೆ, ಬೆಚ್ಚಗಿತ್ತು.

ಮೊನ್ನೆ ಆ ಕೋಳಿಮರಿ ಹುಡುಗನ ಮನೆಗೆ ಸಂಜೆಯೇ ಹೋದೆ. ಹೋಗುವಾಗ ಕೋವಿಡ್ ಕಾಲದಲ್ಲಿ ಗೇಟಿನ ಹತ್ತಿರ ಮಕ್ಕಳ ಹಣೆಗೆ ಹಿಡಿಯುತ್ತಿದ್ದ ಶಾಲೆಯ ಆ ಗನ್ನನ್ನು ಜೇಬಿಗೆ ಹಾಕಿಕೊಂಡಿದ್ದೆ. ಅದರಲ್ಲಿ ವಸ್ತುವಿನ ಶಾಖ ನೋಡುವ ಬಟನ್ನೂ ಇದೆ. ಟಬ್ಬಿನ ತಳ 47 ಡಿಗ್ರಿ ತೋರಿಸಿತು. ಮರಿಗಳು ಅಂಚಿಗೆ ಒತ್ತಿಕೊಂಡು ಬಾಯಿ ತೆರೆದು ನಿಂತಿದ್ದವು. "ಸರ್, ಅವಕ್ಕ ಹಸಿವಾಗ್ಯಾದ" ಅಂದರು ಅಜ್ಜಿ. ಬೆನ್ನು ಕಾಸುವ ಪ್ಯಾಡು ಎಚ್ಚರವಿರುವ ಮನುಷ್ಯ ಅರ್ಧ ಗಂಟೆ ಬಳಸಲು ಮಾಡಿದ್ದು, ರಾತ್ರಿಯಿಡೀ ಟಬ್ಬಿನಡಿ ಇಡಲು ಅಲ್ಲ ಅಂತ ಹೇಳಿ ತೆಗೆಸಿದೆ. ಟಬ್ಬಿನ ಒಂದು ತುದಿಗೆ ಜಾಲರಿ ಹಾಕಿದ ಬಲ್ಬನ್ನು ತಂತಿಯಿಂದ ಭದ್ರವಾಗಿ ಮೇಲೆ ಕಟ್ಟಿದೆವು. ಇನ್ನೊಂದು ತುದಿ ಖಾಲಿ, ಮೇಲೆ ಯಾವ ಚೀಲವೂ ಇಲ್ಲ. ಬಲ್ಬಿನ ಕೆಳಗೆ ಗುಂಪಾದರೆ ಥಂಡಿ, ದೂರ ಓಡಿದರೆ ಬಿಸಿ, ಹರಡಿಕೊಂಡು ಕೂತರೆ ಸರಿ ಅಂತ ಹುಡುಗನಿಗೆ ಹೇಳಿದೆ. ಹನ್ನೊಂದು ಮರಿ. ಮೊದಲು ಎಲ್ಲ ದೂರ ಓಡಿದವು, ಬಲ್ಬನ್ನು ನಾಲ್ಕು ಬೆರಳು ಮೇಲೆತ್ತಿದೆವು. ಆಮೇಲೆ ಒಂದೊಂದೇ ಹತ್ತಿರ ಬಂದವು. ಅಜ್ಜಿ ಚಹಾ ಕೊಟ್ಟರು. ಪ್ಯಾಡು ವಾಪಸ್ ಸಿಕ್ಕಿತೆಂದು ಅವರಿಗೂ ಸಂತೋಷವೇ ಆಗಿತ್ತು, ಎಂಟು ದಿನದಿಂದ ಬೆನ್ನು ನೋವಂತೆ.